ಕರೆಂಟ್ ಕೊಡಿಸುವ ಮುಂಚೆ ಹಲ್ಲು ಯಾಕೆ ಕೀಳಿಸಬೇಕು?

ಪ್ರಶ್ನೆ: ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ. ಅಪ್ಪನಿಗೆ 58 ವರ್ಷ. ಎಲೆ-ಅಡಿಕೆ, ತಂಬಾಕು ಮೂವತ್ತು ವರ್ಷದ ಚಟ. ಎಡಗೆನ್ನೆಯ ಒಳಗೆ ಹುಣ್ಣಾಗಿ, ಪರೀಕ್ಷೆ ಮಾಡಿಸಿದಾಗ ಕ್ಯಾನ್ಸರ್ ಅಂತ ಬಂತು. ಎರಡು ವಾರದ ಹಿಂದೆ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು, ಕುತ್ತಿಗೆಯ ಗಂಟುಗಳನ್ನೂ ತೆಗೆದಿದ್ದಾರೆ. ಈಗ 30 ಸಿಟ್ಟಿಂಗ್ ಕರೆಂಟ್ ಕೊಡಬೇಕು ಅನ್ನುತ್ತಾರೆ. ಅದಕ್ಕೂ ಮುಂಚೆ ನಾಲ್ಕು ಹಲ್ಲು ಕೀಳಿಸಬೇಕಂತೆ. ಅಪ್ಪ ಒಪ್ಪುತ್ತಿಲ್ಲ. 'ಕರೆಂಟ್ ಕೊಟ್ಟರೆ ಸುಟ್ಟು ಹೋಗ್ತೀನಿ' ಅಂತ ಹೆದರಿದ್ದಾರೆ. ಸಕ್ಕರೆ ಕಾಯಿಲೆಯೂ ಇದೆ. ಮನೆಯಲ್ಲಿ ಎರಡು ವರ್ಷದ ಮೊಮ್ಮಗ ಇದ್ದಾನೆ, ಹತ್ತಿರ ಬಿಡಬಹುದಾ? ನಾವು ಏನೇನು ತಯಾರಿ ಮಾಡಿಕೊಳ್ಳಬೇಕು?

ಉತ್ತರ: ಹಲ್ಲಿನಿಂದಲೇ ಶುರು ಮಾಡುತ್ತೇನೆ. ಈ ವಾರವೇ ಆಗಬೇಕಾದ ಕೆಲಸ ಅದು. ಮಿಕ್ಕಿದ್ದಕ್ಕೆ ಇನ್ನೂ ಸ್ವಲ್ಪ ಟೈಮ್ ಇದೆ.

ಲೆಕ್ಕ ಹಾಕಿ ನೋಡಿ. ಬಾಯಿ ಕ್ಯಾನ್ಸರ್ ಆಪರೇಷನ್ ಆದಮೇಲೆ ಆರು ವಾರದೊಳಗೆ ರೇಡಿಯೇಷನ್, ಅಂದರೆ ನೀವು ಹೇಳುವ 'ಕರೆಂಟ್', ಶುರು ಮಾಡಬೇಕು ಅನ್ನುವುದು ನಮ್ಮಂಥ ರೇಡಿಯೇಷನ್ ಡಾಕ್ಟರುಗಳ ಲೆಕ್ಕ. ಎರಡು ವಾರ ಆಗಲೇ ಹೋಯಿತು. ಹಲ್ಲು ಕಿತ್ತ ಜಾಗ ಮಾಯಲು ಸುಮಾರು ಎರಡು ವಾರ ಬೇಕು. ಮುಖ ಅಲ್ಲಾಡದಂತೆ ಹಿಡಿಯುವ ಮಾಸ್ಕ್ ಮಾಡಿ, ಸ್ಕ್ಯಾನ್ ತೆಗೆದು, ಪ್ಲಾನ್ ಸಿದ್ಧವಾಗಲು ಒಂದು ವಾರ, ಕೆಲವು ಕಡೆ ಹತ್ತು ದಿನ. ಎಲ್ಲ ಕೂಡಿಸಿದರೆ ನಿಮ್ಮ ಕೈಯಲ್ಲಿ ಉಳಿಯುವುದು ನಾಲ್ಕರಿಂದ ಏಳು ದಿನ. 'ಅಮಾವಾಸ್ಯೆ ಕಳೀಲಿ, ಆಮೇಲೆ ನೋಡೋಣ' ಅನ್ನೋಕೆ ಜಾಗವೇ ಇಲ್ಲ.

ಅಪ್ಪ ಕೇಳುವುದು ನ್ಯಾಯವಾದ ಪ್ರಶ್ನೆಯೇ. ಕೆನ್ನೆ ಕೊಯ್ದಾಯಿತು, ಕುತ್ತಿಗೆ ಕೊಯ್ದಾಯಿತು, ಈಗ ಹಲ್ಲೂ ಬೇಕಾ ಇವರಿಗೆ? ಅವರಿಗೆ ಹೀಗೆ ಹೇಳಿ. ಕೆಳದವಡೆಯ ಎಲುಬಿಗೆ ರಕ್ತ ತರುವ ನಾಳಗಳು ಮೊದಲೇ ಸಣ್ಣವು. ರೇಡಿಯೇಷನ್ ಆದಮೇಲೆ ಅವು ಇನ್ನೂ ಕಿರಿದಾಗುತ್ತವೆ. ಕಾಲುವೆ ಬತ್ತಿದ ಹೊಲದ ಹಾಗೆ. ನೋಡಲು ಹೊಲ ಹಾಗೇ ಇರುತ್ತದೆ, ಆದರೆ ಅಗೆದರೆ ಮತ್ತೆ ಚಿಗುರುವುದಿಲ್ಲ. ಅಂಥ ದವಡೆಯಿಂದ ಮುಂದೆ ಹಲ್ಲು ಕಿತ್ತರೆ ಆ ಗುಳಿ ಮಾಯದೇ ಉಳಿಯಬಹುದು, ಎಲುಬೇ ಸತ್ತು ಹೊರಗೆ ಕಾಣಬಹುದು. ಐದು ವರ್ಷ, ಹತ್ತು ವರ್ಷ ಕಳೆದರೂ ಈ ಭಯ ಪೂರ್ತಿ ಹೋಗುವುದಿಲ್ಲ.

ನನ್ನ ಹತ್ತಿರ ಬರುತ್ತಿದ್ದ ಒಬ್ಬ ಯಜಮಾನರಿಗೆ ಹೀಗೇ ಆಯಿತು. ರೇಡಿಯೇಷನ್ ಮುಗಿದು ಮೂರು ವರ್ಷ ಚೆನ್ನಾಗಿಯೇ ಇದ್ದರು. ದವಡೆ ಹಲ್ಲು ನೋವು ಅಂತ ಊರಲ್ಲೇ ಕೀಳಿಸಿಕೊಂಡರು. ಹಳೆಯ ಕಾಯಿಲೆ ವಿಷಯ ಅವರೂ ಹೇಳಲಿಲ್ಲ, ಕಿತ್ತವರೂ ಕೇಳಲಿಲ್ಲ. ಆರು ತಿಂಗಳ ಮೇಲೆ ನನ್ನ ಮುಂದೆ ಬಂದು ಕೂತಾಗ ಗುಳಿಯಲ್ಲಿ ಬೆರಳುಗುರಿನಷ್ಟು ಹಳದಿ ಎಲುಬು ಕಾಣುತ್ತಿತ್ತು, ಗದ್ದದ ಕೆಳಗಿನಿಂದ ಕೀವು ಜಿನುಗುತ್ತಿತ್ತು. ಕೊನೆಗೆ ದವಡೆಯ ಒಂದು ತುಂಡನ್ನೇ ತೆಗೆಯಬೇಕಾಯಿತು. ಕ್ಯಾನ್ಸರ್ ಗೆದ್ದವರು ಒಂದು ಹಲ್ಲಿಗೆ ಸೋತರಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಅಂದ ಮಾತ್ರಕ್ಕೆ ಇದ್ದ ಹಲ್ಲನ್ನೆಲ್ಲ ಕೀಳುವುದಿಲ್ಲ. ಅಲ್ಲಾಡುವ ಹಲ್ಲು, ಬುಡದವರೆಗೆ ಹುಳುಕಾದ ಹಲ್ಲು, ಮುರಿದು ಬೇರಷ್ಟೇ ಉಳಿದ ಮೋಟು, ಅದೂ ಹೆಚ್ಚು ರೇಡಿಯೇಷನ್ ಬೀಳುವ ಕಡೆ ಇರುವಂಥವು ಮಾತ್ರ. ಉಳಿಸಬಹುದಾದ್ದನ್ನು ತುಂಬಿ, ಕ್ಲೀನ್ ಮಾಡಿ ಉಳಿಸುತ್ತಾರೆ. ಯಾವ ಹಲ್ಲು ಅನ್ನುವುದನ್ನು ರೇಡಿಯೇಷನ್ ಡಾಕ್ಟರೂ ಹಲ್ಲಿನ ಡಾಕ್ಟರೂ ಒಂದು ಸಲ ಮಾತಾಡಿಕೊಂಡು ನಿರ್ಧರಿಸಿದರೆ ಒಳ್ಳೆಯದು. ಫೋನ್‌ನಲ್ಲಿ ಮಾತಾಡಿಸಲು ನೀವೇ ಕೇಳಿ, ಸಂಕೋಚ ಬೇಡ. ಉಳಿದ ಹಲ್ಲಿಗೆ ಫ್ಲೋರೈಡ್ ಜೆಲ್ ಬರೆದು ಕೊಡುತ್ತಾರೆ. ಅದು ಜೀವನಪೂರ್ತಿ ಬೇಕಾಗಬಹುದು. ಯಾಕೆಂದರೆ ರೇಡಿಯೇಷನ್ ಆದಮೇಲೆ ಜೊಲ್ಲು ಕಡಿಮೆಯಾಗುತ್ತದೆ, ಜೊಲ್ಲು ಇಲ್ಲದ ಬಾಯಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ.

ಇನ್ನು 'ಕರೆಂಟ್' ವಿಷಯ. ಈ ಹೆಸರು ಯಾರು ಇಟ್ಟರೋ, ಅವರಿಂದ ನಮಗೆ ಆದ ತೊಂದರೆ ಅಷ್ಟಿಷ್ಟಲ್ಲ. ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರೂ ಹಾಗೇ ಅನ್ನುತ್ತಾರೆ. ಕೇಳಿದವರಿಗೆ ಟ್ರಾನ್ಸ್‌ಫಾರ್ಮರ್ ನೆನಪಾಗುತ್ತದೆ. ನಿಜವಾಗಿ ಮೈಗೆ ಕರೆಂಟ್ ಹಾಯಿಸುವುದೇ ಇಲ್ಲ. ಎದೆಯ ಎಕ್ಸ್‌ರೇ ತೆಗೆಸಿದ್ದಾರಲ್ಲ ಅಪ್ಪ? ಅದೇ ಜಾತಿಯ ಕಿರಣ, ಆದರೆ ಬಹಳ ಹೆಚ್ಚು ಶಕ್ತಿಯದ್ದು. ಎಕ್ಸ್‌ರೇ ಬಿದ್ದಾಗ ಏನಾದರೂ ಗೊತ್ತಾಯಿತಾ? ಇದೂ ಹಾಗೇ. ಬಿಸಿ ಇಲ್ಲ, ನೋವಿಲ್ಲ, ಜುಮ್ ಅನ್ನುವುದೂ ಇಲ್ಲ. ಲೀನಾಕ್ ಅನ್ನುವ ಯಂತ್ರ ವಿದ್ಯುತ್ತಿನಿಂದ ಓಡುತ್ತದೆ, ಅಷ್ಟೇ ಕರೆಂಟಿನ ಸಂಬಂಧ. ಈ ಕಿರಣ ಜೀವಕೋಶದ ಒಳಗಿನ ಡಿಎನ್‌ಎಯನ್ನು ಮುರಿಯುತ್ತದೆ. ಒಳ್ಳೆಯ ಕೋಶ ರಾತ್ರಿ ಬೆಳಗಾಗುವಷ್ಟರಲ್ಲಿ ಬಹಳಷ್ಟು ರಿಪೇರಿ ಮಾಡಿಕೊಳ್ಳುತ್ತದೆ, ಕ್ಯಾನ್ಸರ್ ಕೋಶಕ್ಕೆ ಅಷ್ಟು ಚೆನ್ನಾಗಿ ರಿಪೇರಿ ಬರುವುದಿಲ್ಲ. ಒಂದೇ ದಿನ ಎಲ್ಲ ಕೊಡದೇ 30 ಸಿಟ್ಟಿಂಗ್ ಮಾಡುವುದು ಅದಕ್ಕೇ. ದಿನಕ್ಕೆ 2 ಗ್ರೇ (ಕಿರಣದ ಪ್ರಮಾಣ ಅಳೆಯುವ ಮಾನ), ಸೋಮವಾರದಿಂದ ಶುಕ್ರವಾರ, ಆರು ವಾರ, ಒಟ್ಟು 60 ಗ್ರೇ. ನಿಮ್ಮ ಅಪ್ಪನಿಗೆ ಹೇಳಿರುವುದು ಬಹುಶಃ ಇದೇ ಲೆಕ್ಕ.

ಮೊಮ್ಮಗನ ಬಗ್ಗೆ ಚಿಂತೆಯೇ ಬೇಡ. ಯಂತ್ರ ಆಫ್ ಆದ ಕ್ಷಣ ಕಿರಣ ಮುಗಿಯಿತು. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದೆಯೇ? ಅಪ್ಪನ ಮೈಯಲ್ಲಿ, ಬಟ್ಟೆಯಲ್ಲಿ, ಎಂಜಲಿನಲ್ಲಿ ಏನೂ ಉಳಿಯುವುದಿಲ್ಲ. ಮಗು ತೊಡೆ ಮೇಲೆ ಕೂರಲಿ, ಪಕ್ಕದಲ್ಲಿ ಮಲಗಲಿ. ಥೈರಾಯ್ಡ್ ಕ್ಯಾನ್ಸರಿಗೆ ಕುಡಿಸುವ ಅಯೋಡಿನ್ ಔಷಧದ್ದು ಬೇರೆ ಕತೆ, ಅಲ್ಲಿ ಕೆಲವು ದಿನ ದೂರ ಇರಬೇಕಾಗುತ್ತದೆ. ಊರಿನವರು ಅದನ್ನೂ ಇದನ್ನೂ ಬೆರೆಸಿ ಹೇಳುತ್ತಾರೆ. ಮಗುವಿಗೆ ನೆಗಡಿ-ಜ್ವರ ಇದ್ದಾಗ ಮಾತ್ರ ಸ್ವಲ್ಪ ದೂರ ಇರಲಿ, ಅದು ಅಪ್ಪನ ಒಳಿತಿಗೆ.

ಈಗ ಮಾಸ್ಕ್ ಮಾಡುವ ದಿನ. ಜನ ಹೆಚ್ಚು ಗಾಬರಿಯಾಗುವುದು ಇಲ್ಲೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಟ್ಟಿ ಮೇಜಿನ ಮೇಲೆ ಅಂಗಾತ ಮಲಗಿಸುತ್ತಾರೆ, ಕುತ್ತಿಗೆ ಕೆಳಗೆ ಅದಕ್ಕೆ ಸರಿಹೊಂದುವ ದಿಂಬು. ಪಕ್ಕದಲ್ಲಿ ದೊಡ್ಡ ಟ್ರೇ, ಅದರಲ್ಲಿ ಬಿಸಿನೀರು. ತೂತುಗಳಿರುವ ಬಿಳಿ ಪ್ಲಾಸ್ಟಿಕ್ ಹಾಳೆಯೊಂದನ್ನು ಆ ನೀರಲ್ಲಿ ಮುಳುಗಿಸುತ್ತಾರೆ. ಒಂದೆರಡು ನಿಮಿಷದಲ್ಲಿ ಅದು ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ನೀರು ಒರೆಸಿ, ಇಬ್ಬರು ಆ ಕಡೆ ಈ ಕಡೆ ಹಿಡಿದು, ಹಣೆಯಿಂದ ಭುಜದವರೆಗೆ ಎಳೆದು ಕೂರಿಸುತ್ತಾರೆ. ಬಿಸಿ ಟವೆಲ್ ಹಾಕಿದ ಹಾಗಿರುತ್ತದೆ. ಮೂಗು, ಗದ್ದ, ಕಣ್ಣಿನ ಗುಳಿ ಎಲ್ಲ ಬೆರಳಲ್ಲಿ ಒತ್ತಿ ಅಚ್ಚು ತೆಗೆಯುತ್ತಾರೆ. ಹತ್ತು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಉಸಿರಾಡಲು ತೂತುಗಳಿವೆ, ಉಸಿರು ಕಟ್ಟುವುದಿಲ್ಲ. ಆದರೂ ಮೇಜಿಗೆ ಕ್ಲಿಪ್ ಹಾಕಿ ಬಿಗಿ ಮಾಡಿದಾಗ ಎಂಥವರಿಗೂ ಎದೆ ಒಮ್ಮೆ ಢವ ಅನ್ನುತ್ತದೆ. ಇಷ್ಟು ಬಿಗಿ ಯಾಕೆ ಅಂದರೆ ಕಿರಣ ಮಿಲಿಮೀಟರ್ ಲೆಕ್ಕದಲ್ಲಿ ಬೀಳಬೇಕು. ಪಕ್ಕದಲ್ಲೇ ಬೆನ್ನುಹುರಿ ಇದೆ, ಜೊಲ್ಲಿನ ಗ್ರಂಥಿ ಇದೆ.

ಆ ದಿನಕ್ಕೆ ಅಪ್ಪ ಗಡ್ಡ ತೆಗೆಸಿಕೊಂಡು ಹೋಗಲಿ. ತಲೆಕೂದಲು ಸಣ್ಣಗೆ ಕಟ್ ಮಾಡಿಸಲಿ. ಆಮೇಲೆ ಆರು ವಾರವೂ ಹೆಚ್ಚುಕಡಿಮೆ ಅದೇ ಅಳತೆಯಲ್ಲಿರಬೇಕು. ಉದ್ದ ಗಡ್ಡದ ಮೇಲೆ ಮಾಸ್ಕ್ ಮಾಡಿಸಿ ನಡುವೆ ಬೋಳಿಸಿದರೆ ಮಾಸ್ಕ್ ಸಡಿಲವಾಗುತ್ತದೆ. ಕೊರಳಿನ ದಾರ, ಲಿಂಗದ ಕರಡಿಗೆ, ಕಿವಿಯ ಒಂಟಿ ಏನೇ ಇದ್ದರೂ ತೆಗೆಯಬೇಕಾಗುತ್ತದೆ. ದೀಕ್ಷೆ ಆದವರಾದರೆ ಮುಂಚೆಯೇ ಹೇಳಿಕೊಳ್ಳಿ, ಕೈಯಲ್ಲಿ ಹಿಡಿದುಕೊಂಡು ಮಲಗಲು ನಾನಂತೂ ಬಿಡುತ್ತೇನೆ. ಮುಚ್ಚಿದ ಕಡೆ ಹೆದರಿಕೆ ಇದ್ದರೆ ಅದನ್ನೂ ಮೊದಲೇ ಹೇಳಿ. ಮನೆಯಲ್ಲಿ ತೆಳುವಾದ ಒಣ ಪಂಚೆ ಮುಖದ ಮೇಲೆ ಹಾಕಿಕೊಂಡು, ಕೈ ಕದಲಿಸದೇ ಹತ್ತು ನಿಮಿಷ ಅಂಗಾತ ಮಲಗುವ ಅಭ್ಯಾಸ ಮಾಡಿಸಿ, ಪಕ್ಕದಲ್ಲಿ ಯಾರಾದರೂ ಇರಲಿ. ಸಣ್ಣ ಉಪಾಯ, ಕೆಲಸ ಮಾಡುತ್ತದೆ.

ಮಾಸ್ಕ್ ಹಾಕಿಕೊಂಡೇ ಸಿಟಿ ಸ್ಕ್ಯಾನ್ ಆಗುತ್ತದೆ. 'ಮತ್ತೆ ಸ್ಕ್ಯಾನ್ ಯಾಕೆ, ಕಾಯಿಲೆ ಉಳಿದಿದೆಯಾ?' ಅಂತ ಎಲ್ಲರೂ ಕೇಳುತ್ತಾರೆ. ಇದು ಕಾಯಿಲೆ ಹುಡುಕುವ ಸ್ಕ್ಯಾನ್ ಅಲ್ಲ, ನಕ್ಷೆ ಬರೆಯುವ ಸ್ಕ್ಯಾನ್. ಈ ಚಿತ್ರಗಳ ಮೇಲೆ ನಾವು ಒಂದೊಂದೇ ಪದರ ತೆಗೆದು ಎಲ್ಲಿ ಕೊಡಬೇಕು, ಎಲ್ಲಿ ತಪ್ಪಿಸಬೇಕು ಅಂತ ಗೆರೆ ಎಳೆಯುತ್ತೇವೆ. ಆಮೇಲೆ ಫಿಸಿಸಿಸ್ಟ್ ಲೆಕ್ಕ ಕಟ್ಟುತ್ತಾರೆ, ಯಂತ್ರದಲ್ಲಿ ಅದನ್ನು ಪರೀಕ್ಷೆ ಮಾಡುತ್ತಾರೆ. ಆ ಒಂದು ವಾರ ನಿಮಗೆ 'ಸುಮ್ನೆ ಕಾಯಿಸ್ತಾರೆ' ಅನ್ನಿಸುತ್ತದೆ, ಆದರೆ ಒಳಗೆ ಕೆಲಸ ನಡೆಯುತ್ತಿರುತ್ತದೆ.

ಸ್ಕ್ಯಾನಿಗೆ ಕೈ ನರದಲ್ಲಿ ಕಾಂಟ್ರಾಸ್ಟ್ ಔಷಧ ಕೊಡುವುದುಂಟು. ಅಪ್ಪನಿಗೆ ಸಕ್ಕರೆ ಇರುವುದರಿಂದ ಕಿಡ್ನಿಯ ಕ್ರಿಯಾಟಿನಿನ್ ರಿಪೋರ್ಟ್ ಕೈಯಲ್ಲಿರಲಿ. ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುತ್ತಿದ್ದರೆ ಹೇಳಲೇಬೇಕು, ಕಿಡ್ನಿ ನೋಡಿಕೊಂಡು ಅದನ್ನು ಒಂದೆರಡು ದಿನ ನಿಲ್ಲಿಸಬೇಕಾ ಅಂತ ಅವರು ತೀರ್ಮಾನಿಸುತ್ತಾರೆ. ಮುಂಚೆ ಯಾವುದಾದರೂ ಇಂಜೆಕ್ಷನ್‌ಗೆ ಮೈ ಕಡಿತ, ಉಬ್ಬಸ ಬಂದಿದ್ದರೆ ಅದನ್ನೂ ಹೇಳಿ.

ಇಷ್ಟು ಆಸ್ಪತ್ರೆಯವರ ಕೆಲಸ. ನಿಮ್ಮದು ತಕ್ಕಡಿ.

ತಮಾಷೆಗೆ ಹೇಳಿದ್ದಲ್ಲ. ಬಾಯಿ-ಗಂಟಲಿನ ರೇಡಿಯೇಷನ್‌ನಲ್ಲಿ ಚಿಕಿತ್ಸೆ ನಡುವೆ ನಿಲ್ಲುವುದು ಹೆಚ್ಚಾಗಿ ಕಿರಣದ ತಪ್ಪಿಂದಲ್ಲ, ತೂಕ ಇಳಿದು. ತೂಕ ಇಳಿದರೆ ಮಾಸ್ಕ್ ಸಡಿಲ, ಮಾಸ್ಕ್ ಸಡಿಲವಾದರೆ ಮತ್ತೆ ಸ್ಕ್ಯಾನ್, ಮತ್ತೆ ಪ್ಲಾನ್. ನಿಶ್ಶಕ್ತಿ, ಜ್ವರ, ಡ್ರಿಪ್, ಅಡ್ಮಿಷನ್. ಸಿಟ್ಟಿಂಗ್ ತಪ್ಪುತ್ತದೆ. ಹೀಗೆ ತಪ್ಪಿದ ದಿನಗಳಲ್ಲಿ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯಲು ಶುರು ಮಾಡುತ್ತವೆ. ಒಟ್ಟು ಅವಧಿ ಒಂದೊಂದು ದಿನ ಉದ್ದವಾದಂತೆಲ್ಲ ಕಾಯಿಲೆ ಹತೋಟಿಗೆ ಬರುವ ಅವಕಾಶ ಶೇಕಡಾ ಒಂದರ ಹತ್ತಿರ ಕಡಿಮೆಯಾಗುತ್ತದೆ ಅನ್ನುವುದು ಈ ಕ್ಷೇತ್ರದಲ್ಲಿ ಹಳೆಯ ಲೆಕ್ಕ. ಜಾತ್ರೆಗೆ ಅಂತ ಎಂಟು ದಿನ ಹೋಗಿ ಬಂದವರನ್ನು ನಾನು ನೋಡಿದ್ದೇನೆ. ಬಂದು 'ಉಳಿದ ಎಂಟು ಕೊಟ್ಟುಬಿಡ್ರಿ' ಅನ್ನುತ್ತಾರೆ. ಎಂಟು ಕೊಡಬಹುದು, ಆ ದಿನಗಳನ್ನು ವಾಪಸ್ ಕೊಡಲು ನಮ್ಮಿಂದ ಆಗುವುದಿಲ್ಲ.

ಆದ್ದರಿಂದ ಇವತ್ತೇ ಅಪ್ಪನ ತೂಕ ನೋಡಿ ಬರೆದಿಡಿ. ವಾರಕ್ಕೊಂದು ಸಲ, ಅದೇ ತಕ್ಕಡಿ, ಅದೇ ಥರದ ಬಟ್ಟೆ. ವಾರದಲ್ಲಿ ಎರಡು ಕಿಲೋ ಇಳಿದರೆ ಮುಂದಿನ ಒಪಿಡಿ ತನಕ ಕಾಯಬೇಡಿ, ಅವತ್ತೇ ಹೇಳಿ.

ಊಟ. ಈಗಿನ ಈ ಮೂರು-ನಾಲ್ಕು ವಾರ ಚಿನ್ನದಂಥವು, ಏಕೆಂದರೆ ನುಂಗಲು ಬರುತ್ತದೆ. ಅಪ್ಪ 50 ಕಿಲೋ ಇದ್ದಾರೆ ಅಂದುಕೊಳ್ಳಿ, ದಿನಕ್ಕೆ 60ರಿಂದ 75 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ. ದೊಡ್ಡ ಲೋಟ ಹಾಲಿನಲ್ಲಿ 8. ಒಂದು ಹಿಡಿ ಶೇಂಗಾದಲ್ಲಿ 7. ಬರೀ ಗಂಜಿ ಕುಡಿಸಿದರೆ ಇದರ ಹತ್ತಿರಕ್ಕೂ ಹೋಗುವುದಿಲ್ಲ. ನಮ್ಮ ಜನ 'ಡಾಕ್ಟ್ರೇ, ಹೊಟ್ಟೆ ತುಂಬ ಗಂಜಿ ಕುಡೀತಾರೆ' ಅನ್ನುತ್ತಾರೆ. ಹೊಟ್ಟೆ ತುಂಬುತ್ತದೆ, ನಿಜ. ಗಂಜಿಯಲ್ಲಿ ಇರುವುದು ಬಹುಪಾಲು ನೀರು. ರಾಗಿ ಅಂಬಲಿಗೆ ಹಾಲು ಬೆರೆಸಿ, ಒಂದು ಚಮಚ ತುಪ್ಪ ಹಾಕಿ. ಹುರಿದ ಶೇಂಗಾ ಸಿಪ್ಪೆ ತೆಗೆದು ಮಿಕ್ಸಿಯಲ್ಲಿ ಹಾಲಿನ ಜೊತೆ ನುಣ್ಣಗೆ ರುಬ್ಬಿ ಕೊಡಿ. ಹೆಸರುಬೇಳೆ ಚೆನ್ನಾಗಿ ಬೇಯಿಸಿ, ಕಟ್ಟಷ್ಟೇ ಅಲ್ಲ, ಬೇಳೆಯನ್ನೂ ಹಿಚುಕಿ ಅನ್ನಕ್ಕೆ ಕಲಸಿ. ಜೋಳದ ನುಚ್ಚು ಮಜ್ಜಿಗೆಯಲ್ಲಿ ಅಲ್ಲ, ಗಟ್ಟಿ ಮೊಸರಿನಲ್ಲಿ. ರೊಟ್ಟಿ ಬಿಟ್ಟಿರಲಾಗದಿದ್ದರೆ ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಹಿಚುಕಿ. ಮೂರು ಹೊತ್ತಿನ ಊಟ ಮರೆತುಬಿಡಿ, ಎರಡು ಗಂಟೆಗೊಮ್ಮೆ ಒಂದು ಬಟ್ಟಲು.

ಖಾರದ ಮಾತು ಬಂದರೆ ಬ್ಯಾಡಗಿಯವರಿಗೆ ಬುದ್ಧಿ ಹೇಳಲು ನನಗೇ ಭಯ. ಆದರೆ ಎರಡನೇ ವಾರದ ಕೊನೆಗೆ ಒಗ್ಗರಣೆಯ ಒಂದು ಚೂರು ಮೆಣಸಿನಕಾಯಿಯೂ ಕೆಂಡದ ಹಾಗೆ ಸುಡುತ್ತದೆ. ಅಷ್ಟರೊಳಗೆ ನಾಲಿಗೆಗೆ ಸಪ್ಪೆ ಊಟ ರೂಢಿಯಾಗಲಿ.

ನೆಂಟರು ಬರುತ್ತಾರೆ, ನಂಜಿನ ಪಟ್ಟಿ ತರುತ್ತಾರೆ. ಮೊಟ್ಟೆ ನಂಜು, ಮೊಸರು ಶೀತ, ಶೇಂಗಾ ಪಿತ್ತ, ಬದನೆಕಾಯಿ ಮುಟ್ಟಲೇಬೇಡಿ. ಬದನೆಕಾಯಿ ಬಿಟ್ಟರೆ ನಷ್ಟವೇನಿಲ್ಲ, ಬಿಡಿ, ಅವರಿಗೂ ಸಮಾಧಾನ. ಮೊಟ್ಟೆ, ಮೊಸರು, ಶೇಂಗಾ ಬಿಟ್ಟರೆ ಮಾತ್ರ ಪ್ರೋಟೀನ್ ಎಲ್ಲಿಂದ ತರುತ್ತೀರಿ? ಗಾಯ ಮಾಯಲು ಬೇಕಾದ್ದೇ ಅದು. ನಾಟಿ ಔಷಧ, ಯಾರೋ ಕೊಟ್ಟ ಬೇರಿನ ಪುಡಿ, ದೊಡ್ಡ ಡೋಸಿನ ವಿಟಮಿನ್ ಮಾತ್ರೆ ಇವನ್ನು ಚಿಕಿತ್ಸೆ ಮುಗಿಯುವವರೆಗೆ ಪಕ್ಕಕ್ಕಿಡಿ. ಕೊಡುತ್ತಿದ್ದರೆ ನಮಗೆ ಹೇಳಿ. ಬೈಯುವುದಿಲ್ಲ.

ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೊಂದು ಮಾತು. 'ಶುಗರ್ ಜಾಸ್ತಿ ಆಗುತ್ತೆ' ಅಂತ ಊಟ ಕಡಿಮೆ ಮಾಡಬೇಡಿ. ಊಟ ಇರಲಿ, ಔಷಧ ಅದಕ್ಕೆ ತಕ್ಕಂತೆ ಬದಲಾಗಲಿ. ಇನ್ನೊಂದು ಕಡೆಯಿಂದಲೂ ಎಚ್ಚರ ಬೇಕು. ನಾಲ್ಕನೇ ವಾರದಲ್ಲಿ ಊಟ ಅರ್ಧಕ್ಕೆ ಇಳಿದಿದ್ದರೂ ಮಾತ್ರೆ ಮಾತ್ರ ಹಳೆಯದೇ ನುಂಗುತ್ತಿದ್ದರೆ ಸಕ್ಕರೆ ದಢಕ್ಕನೆ ಇಳಿದು ಬೆವರಿ ಬಿದ್ದಾರು. ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರ್ ಒಂದು ತಂದಿಟ್ಟುಕೊಳ್ಳಿ.

ಮೂಗಿನಿಂದ ಹೊಟ್ಟೆಗೆ ಹಾಕುವ ರೈಲ್ಸ್ ಟ್ಯೂಬ್ ಅಂದರೆ ಮನೆಯವರ ಮುಖ ಬಾಡುತ್ತದೆ, 'ಇನ್ನು ಮುಗೀತು' ಅಂದುಕೊಳ್ಳುತ್ತಾರೆ. ಹಾಗಲ್ಲ. ನುಂಗಲು ಆಗದ ಮೂರು-ನಾಲ್ಕು ವಾರ ದಾಟಿಸುವ ಸೇತುವೆ ಅದು. ಬೇಕಾಗಬಹುದು, ಬೇಡವಾಗಲೂಬಹುದು. ಬೇಕು ಅಂದ ದಿನ ಹಟ ಮಾಡದೇ ಹಾಕಿಸಿಕೊಳ್ಳಲಿ. ಟ್ಯೂಬ್ ಇದ್ದರೂ ದಿನಕ್ಕೆ ಕೆಲವು ಸಲ ಒಂದೊಂದು ಗುಟುಕು ನೀರು ನುಂಗುತ್ತಿರಬೇಕು, ಇಲ್ಲದಿದ್ದರೆ ಗಂಟಲು ನುಂಗುವುದನ್ನೇ ಮರೆಯುತ್ತದೆ. ಗುಟುಕು ನೀರಿಗೂ ಕೆಮ್ಮು ಬಂದರೆ ಬಲವಂತ ಬೇಡ, ತಿಳಿಸಿ.

ಬಾಯಿ ತೊಳೆಯುವ ನೀರು ಮನೆಯಲ್ಲೇ ಆಗುತ್ತದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ದಿನಾ ಹೊಸದು ಮಾಡಿ. ಎರಡು-ಮೂರು ಗಂಟೆಗೊಮ್ಮೆ ಮುಕ್ಕಳಿಸಿ ಉಗುಳಬೇಕು, ನುಂಗಬಾರದು. ಮೊದಲ ಸಿಟ್ಟಿಂಗ್ ದಿನದಿಂದಲೇ ಶುರು ಮಾಡಿ, ಹುಣ್ಣಾದ ಮೇಲಲ್ಲ. ಸ್ಪಿರಿಟ್ ಇರುವ ಅಂಗಡಿ ಮೌತ್‌ವಾಶ್ ಬೇಡ. ಬ್ರಷ್ ಮಕ್ಕಳದ್ದು, ಮೆತ್ತಗಿರುವುದು. ಇದ್ದಿಲು, ಉಪ್ಪು ಹಾಕಿ ಉಜ್ಜುವ ರೂಢಿ ಇದ್ದರೆ ಬಿಡಿಸಿ.

ಈಗ ಅಪ್ಪನಿಗೆ ಬಾಯಿ ತೆರೆಯಲು ಹೇಳಿ. ಅವರದೇ ಮೂರು ಬೆರಳು ನೆಟ್ಟಗೆ ಹಲ್ಲುಗಳ ನಡುವೆ ಹೋಗುತ್ತವಾ? ಅಡಿಕೆ ಜಗಿದವರ ಬಾಯಿ ಮೊದಲೇ ಬಿಗಿದಿರುತ್ತದೆ, ಆಪರೇಷನ್ ಆದಮೇಲೆ ಇನ್ನೂ. ರೇಡಿಯೇಷನ್ ಸೇರಿದರೆ ಒಂದೇ ಬೆರಳಿಗೆ ಇಳಿಯಬಹುದು. ಐಸ್‌ಕ್ರೀಂ ಕಡ್ಡಿ ಗೊತ್ತಲ್ಲ, ಆ ಮರದ ಕಡ್ಡಿಗಳ ಒಂದು ಕಟ್ಟು ತನ್ನಿ. ಎಷ್ಟು ಕಡ್ಡಿ ಒಂದರ ಮೇಲೊಂದು ಇಟ್ಟು ಹಿಡಿಯುತ್ತವೋ ಇವತ್ತೇ ಎಣಿಸಿ ತೂಕದ ಪಕ್ಕ ಬರೆಯಿರಿ. ಹನ್ನೆರಡು ಹಿಡಿದರೆ ಹನ್ನೆರಡು. ದಿನಕ್ಕೆ ಐದು ಸಲ ಬಾಯಿ ತೆರೆದು ಮುಚ್ಚುವ ವ್ಯಾಯಾಮ. ಹೊಲಿಗೆ ಇನ್ನೂ ಹಸಿ ಇರುವುದರಿಂದ ಯಾವತ್ತಿಂದ ಶುರು ಅಂತ ಆಪರೇಷನ್ ಮಾಡಿದವರನ್ನು ಕೇಳಿಕೊಳ್ಳಿ. ಕಡ್ಡಿಯ ಸಂಖ್ಯೆ ಇಳಿಯಲು ಬಿಡಬಾರದು. ಇದು ರೇಡಿಯೇಷನ್ ಮುಗಿದ ಮೇಲೂ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮಾಡುವ ಕೆಲಸ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಆದರೆ ರೊಟ್ಟಿ ತುತ್ತು ಬಾಯಿಗೆ ಹೋಗುವುದು ಇದರ ಮೇಲೆ ನಿಂತಿದೆ.

ತಂಬಾಕು ಬಿಟ್ಟಿದ್ದಾರೆ ಅಂದುಕೊಳ್ಳುತ್ತೇನೆ. ಬರೀ ಅಡಿಕೆಗೂ ರಿಯಾಯಿತಿ ಇಲ್ಲ. 'ತಂಬಾಕು ಬಿಟ್ಟೆ, ಅಡಿಕೆ ಒಂದೇ ಹಾಕ್ಕೊಳ್ತೀನಿ' ಅನ್ನುವವರು ಬಹಳ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೇ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿದೆ. ಮಲೆನಾಡಿನ ಗೆಳೆಯರು ನನ್ನ ಮೇಲೆ ಸಿಟ್ಟಾದರೆ ಆಗಲಿ. ಬೀಡಿ ಇದ್ದರೆ ಅದು ಇನ್ನೂ ಕೆಟ್ಟದ್ದು. ಹೊಗೆಯಿಂದ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಆಮ್ಲಜನಕ ಕಡಿಮೆ ಇರುವ ಕಡೆ ರೇಡಿಯೇಷನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಬಿಡಲು ಕಷ್ಟವಾದರೆ 1800-11-2356ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರದ ತಂಬಾಕು ಬಿಡಿಸುವ ಸಹಾಯವಾಣಿ ಅದು, ದುಡ್ಡು ಬೀಳುವುದಿಲ್ಲ.

ಚರ್ಮದ್ದು ಅಷ್ಟೇನಿಲ್ಲ. ಉಗುರುಬೆಚ್ಚಗಿನ ನೀರು, ಮೆತ್ತಗಿನ ಸೋಪು, ಒತ್ತಿ ಒರೆಸುವುದು. ಅರಿಶಿನ, ಬಾಮು, ಪೌಡರ್ ಕೆನ್ನೆ-ಕುತ್ತಿಗೆಗೆ ಬೇಡ. ಕಾಲರ್ ಅಂಗಿ ಬದಲು ಹಳೆಯ ಹತ್ತಿ ಬನಿಯನ್ನು. ಬಿಸಿಲಿಗೆ ಟವೆಲ್. ಬ್ಲೇಡ್ ಬದಲು ಟ್ರಿಮ್ಮರ್. ಮುಲಾಮು ಅವರು ಕೊಟ್ಟದ್ದು ಮಾತ್ರ. ತಲೆಕೂದಲೆಲ್ಲ ಉದುರುವುದಿಲ್ಲ, ಕಿರಣ ಬೀಳುವ ಕಡೆಯ ಗಡ್ಡ, ಕೂದಲು ಮಾತ್ರ ಉದುರುತ್ತದೆ.

ಹೋಗಿಬರುವ ವಿಷಯ ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಒಂದು ಸಿಟ್ಟಿಂಗ್‌ಗೆ ಯಂತ್ರದ ಕೋಣೆಯಲ್ಲಿ ಹತ್ತು-ಹದಿನೈದು ನಿಮಿಷ, ಅದರಲ್ಲಿ ಕಿರಣ ಬೀಳುವುದು ಕೆಲವೇ ನಿಮಿಷ. ಅಷ್ಟಕ್ಕೆ ಬ್ಯಾಡಗಿಯಿಂದ ಹುಬ್ಬಳ್ಳಿಗೆ ದಿನಾ ಬಸ್ಸು, ಮತ್ತೆ ವಾಪಸ್. ಮೊದಲ ಎರಡು ವಾರ ಆಗುತ್ತದೆ. ಮೂರನೇ ವಾರದಿಂದ ಬಾಯಿ ಹುಣ್ಣು, ಸುಸ್ತು, ಮೇಲೆ ಈ ತಿರುಗಾಟ. ಜನ ಕೈಬಿಡುವುದು ಇಲ್ಲೇ. ಸಾಧ್ಯವಾದರೆ ಮೂರನೇ ವಾರದಿಂದಾದರೂ ಹುಬ್ಬಳ್ಳಿಯಲ್ಲೇ ಉಳಿಯಲು ಈಗಲೇ ನೆಂಟರ ಮನೆಯೋ ಬಾಡಿಗೆ ಕೋಣೆಯೋ ನೋಡಿಡಿ, ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಧರ್ಮಶಾಲೆ ಇದೆಯಾ ಅಂತ ಕೇಳಿ. ಮುಂದೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಬೇರೆಲ್ಲಿಗೋ ಹೋಗಬೇಕಾಗಿ ಬಂದರೆ, ಬ್ಯಾಡಗಿಯಲ್ಲಿ ರೈಲು ಹತ್ತಬಹುದು. ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75. ಅದಕ್ಕೆ ಆಸ್ಪತ್ರೆಯಿಂದ ರೈಲ್ವೆಯ ನಮೂನೆಯ ಪ್ರಮಾಣಪತ್ರ ಬೇಕು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಹೇಗೂ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇದೆ, ಜೊತೆಗೆ ಹೋಗುವ ಕೆಲಸ ಅಮ್ಮನಿಗೋ ಮನೆಯ ಬೇರೆ ಹೆಂಗಸರಿಗೋ ಬಿದ್ದರೆ ಖರ್ಚು ಉಳಿಯುತ್ತದೆ.

ಚಿಕಿತ್ಸೆಯ ದುಡ್ಡಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ರೇಡಿಯೇಷನ್ ಅದರಲ್ಲಿ ಸೇರಿದೆ. ಆಪರೇಷನ್‌ಗೆ ಒಪ್ಪಿಗೆ ಸಿಕ್ಕಿತ್ತು ಅಂದ ಮಾತ್ರಕ್ಕೆ ರೇಡಿಯೇಷನ್‌ಗೂ ತಾನಾಗಿ ಸಿಗುತ್ತದೆ ಅಂದುಕೊಳ್ಳಬೇಡಿ, ಅದಕ್ಕೆ ಬೇರೆ ಅನುಮತಿ ಹೋಗಬೇಕು. ಮಾಸ್ಕ್ ಮಾಡುವ ದಿನವೇ ಕೌಂಟರಿನಲ್ಲಿ ಕೇಳಿ. ರೇಷನ್ ಕಾರ್ಡ್, ಆಧಾರ್, ರೆಫರಲ್ ಪತ್ರ, ಆಪರೇಷನ್ ನೋಟ್ಸ್, ತೆಗೆದ ಗಡ್ಡೆಯ ಬಯಾಪ್ಸಿ ರಿಪೋರ್ಟ್ ಎಲ್ಲದರ ಎರಡೆರಡು ಜೆರಾಕ್ಸ್ ಒಂದೇ ಫೈಲಿನಲ್ಲಿರಲಿ. ಆ ಬಯಾಪ್ಸಿ ರಿಪೋರ್ಟ್ ಮುಖ್ಯ. ಗಡ್ಡೆಯ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ, ಅಥವಾ ಕುತ್ತಿಗೆಯ ಗಂಟಿನ ಪೊರೆ ಒಡೆದು ಹೊರಗೆ ಬಂದಿದ್ದರೆ ರೇಡಿಯೇಷನ್ ಜೊತೆ ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಡ್ರಿಪ್ ಸೇರಿಸುತ್ತಾರೆ, ಕಿಡ್ನಿ ಮತ್ತು ಕಿವಿ ಚೆನ್ನಾಗಿದ್ದರೆ ಮಾತ್ರ. 'ನಮ್ಮ ಅಪ್ಪನಿಗೆ ಕೀಮೋ ಬೇಕಾ, ಬೇಡ ಅಂದರೆ ಯಾಕೆ ಬೇಡ?' ಅಂತ ಒಂದು ಸಲ ಕೇಳಿ.

ಮೊದಲ ವಾರ ಏನೂ ಆಗುವುದಿಲ್ಲ. ಅಪ್ಪ ಧೈರ್ಯವಾಗಿ 'ಇಷ್ಟೇನಾ' ಅನ್ನುತ್ತಾರೆ. ಎರಡನೇ ವಾರದ ಕೊನೆಗೆ ರುಚಿ ಹೋಗುತ್ತದೆ, ಜೊಲ್ಲು ಅಂಟಂಟಾಗುತ್ತದೆ. ನಾಲ್ಕು-ಐದನೇ ವಾರ ಬಾಯಿ ತುಂಬ ಹುಣ್ಣು, ಕುತ್ತಿಗೆ ಕಪ್ಪು. ನೋವಿಗೆ ಮಾತ್ರೆ ಸಿಗುತ್ತದೆ, ಬೇಕಾದರೆ ಮಾರ್ಫಿನ್ ಕೂಡ, ಹಲ್ಲು ಕಚ್ಚಿ ಸಹಿಸುವುದು ಬೇಡ. ಯಾರೂ ಮೊದಲೇ ಹೇಳದ ಒಂದು ಸಂಗತಿ ಇದೆ. ಕೊನೆಯ ಸಿಟ್ಟಿಂಗ್ ಮುಗಿದ ಮರುದಿನ ಆರಾಮಾಗುವುದಿಲ್ಲ. ಇನ್ನೂ ಒಂದೆರಡು ವಾರ ಜಾಸ್ತಿಯೇ ಆಗಬಹುದು, ಆಮೇಲೆ ಇಳಿಯುತ್ತದೆ. 'ಮುಗೀತಲ್ಲ' ಅಂತ ಆ ವಾರ ಆರೈಕೆ ಬಿಡಬೇಡಿ. ರುಚಿ ಮರಳಲು ತಿಂಗಳುಗಳು ಬೇಕು, ಬಾಯಿ ಒಣಗುವುದು ಸ್ವಲ್ಪ ಉಳಿದೇ ಉಳಿಯಬಹುದು. ಕುತ್ತಿಗೆಗೆ ಕಿರಣ ಬಿದ್ದವರಿಗೆ ಥೈರಾಯ್ಡ್ ನಿಧಾನಕ್ಕೆ ಮಂದವಾಗುವುದುಂಟು, ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಡಿಸ್ಚಾರ್ಜ್ ಪತ್ರದ ಮೇಲೆ ಕೆಂಪು ಶಾಯಿಯಲ್ಲಿ 'ಹಲ್ಲು ಕೀಳುವ ಮುಂಚೆ ರೇಡಿಯೇಷನ್ ಡಾಕ್ಟರನ್ನು ಕೇಳಬೇಕು' ಅಂತ ಬರೆಸಿಕೊಳ್ಳಿ.

ಅಪ್ಪನ ಹೆದರಿಕೆಗೆ ಇನ್ನೊಂದು ಉಪಾಯ. ಮಾಸ್ಕ್ ಮಾಡಿಸಲು ಹೋದ ದಿನ, ಕಾಯುವ ಜಾಗದಲ್ಲಿ ಹದಿನೈದು-ಇಪ್ಪತ್ತು ಸಿಟ್ಟಿಂಗ್ ಮುಗಿಸಿದವರು ಯಾರಾದರೂ ಕೂತೇ ಇರುತ್ತಾರೆ. ಅವರ ಪಕ್ಕ ಅಪ್ಪನನ್ನು ಕೂರಿಸಿ ನೀವು ಚಹಾಕ್ಕೆ ಹೋಗಿಬನ್ನಿ. ನಾನು ಅರ್ಧ ಗಂಟೆ ಹೇಳಿದರೂ ನಂಬದ್ದನ್ನು ಅವರು ಐದು ನಿಮಿಷದಲ್ಲಿ ನಂಬಿಸುತ್ತಾರೆ. ಹಿಂದೊಮ್ಮೆ ಹಾವೇರಿ ಕಡೆಯ ಒಬ್ಬ ರೈತರು ಚಿಕಿತ್ಸೆ ಮುಗಿದ ದಿನ ತಮ್ಮ ಮಾಸ್ಕ್ ಕೇಳಿ ಪಡೆದುಕೊಂಡು ಹೋದರು. ಮೂರು ತಿಂಗಳ ಮೇಲೆ ಚೆಕಪ್‌ಗೆ ಬಂದಾಗ ಮೊಬೈಲಿನಲ್ಲಿ ಫೋಟೋ ತೋರಿಸಿದರು. ಗೋವಿನಜೋಳದ ಹೊಲ, ನಡುವೆ ಒಂದು ಬೆರ್ಚಪ್ಪ, ಬೆರ್ಚಪ್ಪನ ಮುಖಕ್ಕೆ ಇವರದೇ ಮಾಸ್ಕ್. 'ಹಂದಿ ಬರಂಗಿಲ್ರಿ ಈಗ' ಅಂದರು.